ಹೋಲಿಕೆಗೊಂದು ಮಡಿ

ಬಳ್ಳಾರಿಯ ಬಿಸಿಲನ್ನು ಬೈಯುವವರು ಬಹಳ. ಅದನ್ನು ದುಡಿಸಿಕೊಳ್ಳುವವರಲ್ಲಿ ನನ್ನ ಅವ್ವ ಒಬ್ಬಳು. ಶಿವರಾತ್ರಿ ಸಮೀಪಿಸಿತೆಂದರೆ ಆಕೆ ಊರಿನಿಂದ ನಮ್ಮ ಬಾಡಿಗೆ ಮನೆಗೆ ಬಂದಿಳಿಯುತ್ತಾಳೆ. ಮಗಳನ್ನು ನೋಡಲು ಬಂದೆ ಎಂದು ಹೇಳಿಕೊಂಡರೂ ಆಕೆ ಬರುವುದು ನಮ್ಮ ತಾರಸಿಯನ್ನು ನೋಡಲು. ವರ್ಷಕ್ಕಾಗುವ ಖಾರದ ಪುಡಿಗೆ ಮೆಣಸಿನಕಾಯಿ ಅಲ್ಲಿ ಒಣಗಿದಂತೆ ಬೇರೆಲ್ಲಿಯೂ ಒಣಗುವುದಿಲ್ಲವೆಂಬುದು ಆಕೆಯ ನಂಬಿಕೆ. ಮೊನ್ನೆ ಆಕೆ ಮೆಣಸಿನಕಾಯಿ ಹರವಿದ್ದು ಚಾಪೆಯ ಮೇಲಲ್ಲ, ಒಂದು ತಗಡಿನ ಹಲಗೆಯ ಮೇಲೆ. ಊರಿನಿಂದ ಅಕ್ಕಿಯ ಚೀಲಗಳೊಡನೆ ಟೆಂಪೋದಲ್ಲಿ ಬಂದ ಹಲಗೆ ಅದು. ಹಸಿರು ಬಣ್ಣ ಅಲ್ಲಲ್ಲಿ ಎದ್ದಿದ್ದರೂ ಬಿಳಿಯ ಅಕ್ಷರಗಳು ಇನ್ನೂ ಗಟ್ಟಿಯಾಗಿದ್ದವು. ಕೆಂಪು ಕಾಯಿಗಳನ್ನು ಬೆರಳಿನಿಂದ ಸರಿಸಿ ಓದಿದೆ: "ರೈತರ ಪದ್ಧತಿ". ಕೆಳಗೆ ನನ್ನ ದೊಡ್ಡಪ್ಪನ ಹೆಸರು, "ಶ್ರೀ" ಸಹಿತವಾಗಿ.

"ಅವ್ವಾ, ಇದು ವಿಶ್ವವಿದ್ಯಾಲಯದ ಹಲಗೆ" ಎಂದೆ.

"ಇರ್ಲಿ ಬಿಡು. ಚಾಪಿಗಿಂತ ಚೊಲೊ ಕಾಯ್ತೈತಿ" ಎಂದು ಆಕೆ ನಾನು ಸರಿಸಿದ ಕಾಯಿಗಳನ್ನು ಮತ್ತೆ ಅಕ್ಷರಗಳ ಮೇಲೆ ಎಳೆದಳು.

ನಮ್ಮ ಕಡೆಯ ಊರುಗಳಲ್ಲಿ ಕೃಷಿಯ ಹಲಗೆಗಳು ನಿವೃತ್ತಿಯ ನಂತರ ಸುಮ್ಮನೆ ಕೂರುವುದಿಲ್ಲ. ಬೆಳೆ ನಿಂತಿರುವವರೆಗೆ ಹೊಲದಲ್ಲಿ ತಳಿಯ ಹೆಸರು, ಯೋಜನೆಯ ಹೆಸರು ಹೇಳುತ್ತಾ ಗಂಭೀರವಾಗಿ ನಿಂತಿರುತ್ತವೆ. ಕೊಯ್ಲಾದ ಮೇಲೆ ಕರುವಿನ ಗುಡಿಸಲಿಗೆ ಬಾಗಿಲಾಗುತ್ತವೆ, ನೀರಿನ ತೊಟ್ಟಿಗೆ ಮುಚ್ಚಳವಾಗುತ್ತವೆ. ತೆಕ್ಕಲಕೋಟೆಯ ಒಂದು ಚಹಾದಂಗಡಿಯಲ್ಲಿ ನಾನು ಕುಳಿತ ಬೆಂಚಿನ ಬೆನ್ನಿಗೆ ಕಡಲೆ ಬೆಳೆಯ ಸಮಗ್ರ ಪೀಡೆ ನಿರ್ವಹಣೆ ಒರಗಿಕೊಂಡಿತ್ತು. ಅಂಥ ಹಲಗೆ ಕಂಡಲ್ಲೆಲ್ಲ ನಿಂತು ಪೂರ್ತಿ ಓದುವ ಚಟ ನನಗಿದೆ. ಜೊತೆಗಿದ್ದವರು ಮುಂದೆ ಹೋಗಿ, ಮತ್ತೆ ಹಿಂತಿರುಗಿ ಬಂದು ನನ್ನನ್ನು ಕರೆದೊಯ್ಯಬೇಕಾಗುತ್ತದೆ.

ಈ ಚಟವನ್ನು ಹತ್ತಿಸಿದವನು ಅಪ್ಪ. ಅವನಿಗೆ ಓದು ಬರುತ್ತಿರಲಿಲ್ಲ. ಊರಿನಿಂದ ಬಸ್ಸಿನಲ್ಲಿ ಬಳ್ಳಾರಿಗೆ ಬರುವಾಗ ಕಿಟಕಿಯ ಪಕ್ಕ ನನ್ನನ್ನು ಕೂರಿಸಿಕೊಂಡು, "ಅಲ್ಲೇನಂತ ಬರದೈತವಾ?" ಎಂದು ಕೇಳುತ್ತಿದ್ದ. ನಾನು ಓದಿ ಹೇಳುತ್ತಿದ್ದೆ. ಸಂಜೆ ಹಿಂತಿರುಗುವಾಗ ಅದೇ ಹಲಗೆಯನ್ನು ತೋರಿಸಿ, ಏನೂ ನೆನಪಿಲ್ಲದವನಂತೆ ಮತ್ತೊಮ್ಮೆ ಕೇಳುತ್ತಿದ್ದ. ಎರಡು ಸಲವೂ ಒಂದೇ ಉತ್ತರ ಬಂದರೆ ಮಗಳಿಗೆ ಓದು ಬಂದಿದೆ ಎಂದು ಅವನಿಗೆ ಖಾತ್ರಿ. ಒಂದು ಪ್ರಯೋಗವನ್ನು ಒಮ್ಮೆ ಮಾಡಿ ನಂಬಬಾರದು, ಅದನ್ನು ಪುನರಾವರ್ತಿಸಬೇಕು ಎಂಬ ಪಾಠವನ್ನು ಮುಂದೆ ಕೃಷಿ ಕಾಲೇಜಿನಲ್ಲಿ ದಪ್ಪ ಪುಸ್ತಕದಿಂದ ಓದಿದಾಗ ನನಗೆ ಆ ಬಸ್ಸಿನ ಕಿಟಕಿ ನೆನಪಾಗಿತ್ತು. ತಪ್ಪು ಓದಿಬಿಡುತ್ತೇನೇನೋ ಎಂಬ ಭಯವೂ ಅಂದು ಹತ್ತಿದ್ದೇ. ಈ ವಾಕ್ಯವನ್ನು ಬರೆಯುವ ಮುನ್ನವೂ ಎರಡು ಸಲ ಅಳಿಸಿದ್ದೇನೆ.

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಹೀಗಾಗಿ ಪದವಿ ಎಂದರೆ ಏನೆಂದು ಮನೆಯವರಿಗೆ ತಿಳಿಸುವ ಹೊಣೆಯೂ ನನ್ನದೇ ಆಗಿತ್ತು. ಕೃಷಿ ಓದಿದ್ದಾಳೆ ಎಂದು ಅಪ್ಪ ಊರಿಗೆಲ್ಲ ಹೇಳಿದ ಮೇಲೆ ಒಬ್ಬರು ಕೆಮ್ಮುವ ಆಡನ್ನು ತಂದರು, ಮತ್ತೊಬ್ಬರು ಹೊಲದ ಬದುವಿನ ವ್ಯಾಜ್ಯವನ್ನು ತಂದರು. ನಾನು ಎಲ್ಲರಿಗೂ ವಿನಯದಿಂದ, "ಇದು ನನ್ನ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ" ಎಂದು ಉತ್ತರಿಸುತ್ತಿದ್ದೆ. ದೊಡ್ಡಮ್ಮ ಅದನ್ನು ಕೇಳಿ, "ಈಕಿ ಕಾಲೇಜಿನ್ಯಾಗ ರೇಡಿಯೋ ನುಂಗ್ಯಾಳ" ಎಂದಳು. ಆ ಮಾತು ನಮ್ಮ ಓಣಿಯಲ್ಲಿ ಬಹಳ ದಿನ ಓಡಾಡಿತು.

ಆ ಹಲಗೆ ಹೊಲದಲ್ಲಿ ನಿಂತದ್ದು ನಾನು ಸಿರುಗುಪ್ಪದ ಕಡೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಸಹಾಯಕಿಯಾಗಿದ್ದ ಕಾಲದಲ್ಲಿ. ಕೃಷಿ ವಿಶ್ವವಿದ್ಯಾಲಯದವರು ಕಾಲುವೆಯ ಕೊನೆಯ ಭಾಗದ ರೈತರಿಗಾಗಿ ಒಂದು ಪ್ರಯೋಗ ಹಾಕಿಕೊಂಡಿದ್ದರು. ನಮ್ಮ ಕಡೆ ಭತ್ತವನ್ನು ಸಸಿ ಮಾಡಿ, ಕೆಸರು ಮಾಡಿ, ನಾಟಿ ಮಾಡುವುದು ರೂಢಿ. ಅದಕ್ಕೆ ಕಾಲುವೆಯ ನೀರು ಬರಬೇಕು. ಕಾಲುವೆಯ ತಲೆಯಲ್ಲಿರುವವರಿಗೆ ನೀರು ಮೊದಲು ಸಿಗುತ್ತದೆ; ನಮ್ಮಂಥ ಕೊನೆಯವರಿಗೆ ಅದು ಬರುವಷ್ಟರಲ್ಲಿ ಸಸಿ ಬಲಿತಿರುತ್ತದೆ. ಹಾಗೆ ಕಾಯುವ ಬದಲು, ಮುಂಗಾರಿನ ಹಸಿಗೆ ಒಣ ನೆಲದಲ್ಲಿಯೇ ಕೂರಿಗೆಯಿಂದ, ಜೋಳ ಬಿತ್ತಿದಂತೆ, ಭತ್ತದ ಬೀಜವನ್ನು ಬಿತ್ತಿಬಿಟ್ಟರೆ ಹೇಗೆ? ನೀರು ಬಂದಾಗ ಬರಲಿ. ಪ್ರಯೋಗದ ಪ್ರಶ್ನೆ ಇಷ್ಟೇ. ಕೇಂದ್ರದಲ್ಲಿ ಅದಕ್ಕೆ ಉತ್ತರ ಸಿಕ್ಕಿತ್ತು. ಆದರೆ ಕೇಂದ್ರದ ನೆಲವೇ ಬೇರೆ, ಮನೆಮಂದಿ ಕೂಡಿ ದುಡಿಯುವ ಹೊಲವೇ ಬೇರೆ ಎಂದು ನಮ್ಮ ವಿಜ್ಞಾನಿ ಮೇಡಂ ಹೇಳುತ್ತಿದ್ದರು. ಅವರು ಹಾಸನದ ಕಡೆಯವರು. ಪ್ರಯೋಗಕ್ಕೆ ಹೊಲ ಬೇಕೆಂದಾಗ ನಾನು ದೊಡ್ಡಪ್ಪನ ಹೊಲವನ್ನು ಸೂಚಿಸಿದೆ. ತೆಕ್ಕಲಕೋಟೆಯಿಂದ ಮುಂದಿರುವ ನಮ್ಮೂರಿನಲ್ಲಿ ಕಾಲುವೆಯ ನೀರು ಕಟ್ಟಕಡೆಗೆ ತಲುಪುವ ಹೊಲ ಅದೇ ಆಗಿತ್ತು.

ದೊಡ್ಡಪ್ಪ ಪಂಪಾಪತಿ ಮತ್ತು ಅವನ ಮಗ ಎರ್ರಿಸ್ವಾಮಿ ಕೂಡಿ ಬೇಸಾಯ ಮಾಡುತ್ತಿದ್ದರು. ಬೇಸಾಯದ ವಿಷಯದಲ್ಲಿ ಮಾತ್ರ ಕೂಡುತ್ತಿರಲಿಲ್ಲ. ತೂಬಿನ ಹತ್ತಿರ ಹಗಲೂ ರಾತ್ರಿ ನೀರು ಕಾಯುವವನು ಎರ್ರಿಸ್ವಾಮಿ. ಮೇಲಿನ ಹೊಲದವರೊಡನೆ ನೀರಿಗಾಗಿ ಜಗಳವಾಡಿ, ಬೈಸಿಕೊಂಡು, ಒಮ್ಮೆ ಕೈಕೈ ಮಿಲಾಯಿಸಿಯೂ ಬಂದಿದ್ದ. ಅವನಿಗೆ ಮದುವೆಯಾಗಿ ಒಂದು ಮಗು ಆಗಿತ್ತು. "ಹೊಲದಾಗ ದುಡಿ ಅನ್ನು, ದುಡಿತೀನಿ. ಕಾಲುವಿ ದಂಡಿ ಮ್ಯಾಲ ಕಾವಲ ಕುಂದ್ರು ಅನ್ನಬ್ಯಾಡ. ಇನ್ನ ಹಿಂಗ ಆದ್ರ ನನ್ನ ಪಾಲು ಬ್ಯಾರೆ ಮಾಡಿಕೊಡು" ಎಂದು ತಂದೆಗೆ ಹೇಳಿಯೂ ಬಿಟ್ಟಿದ್ದ. ನಾವೂ ಕೂರಿಗೆ ಹಾಕೋಣವೆಂದು ಅವನು ಕೇಳಿದರೆ ದೊಡ್ಡಪ್ಪನದು ಒಂದೇ ಉತ್ತರ: "ನೆಲ್ಲಂದ್ರ ಕೆಸರಾಗ ಹಚ್ಚೋದು. ಒಣಾ ಮಣ್ಣಾಗ ಬಿತ್ತಾಕ ಅದೇನು ಸಜ್ಜೀನಾ?"

ಮೇಡಂ ಹೊಲ ನೋಡಲು ಬಂದ ದಿನ ನಾನು ಬಹಳ ಸಿದ್ಧತೆ ಮಾಡಿಕೊಂಡಿದ್ದೆ. ಕಚೇರಿಯ ಕೆಲಸದಲ್ಲಿ ನಂಟಸ್ತನ ತೋರಬಾರದೆಂದು, "ರೈತರಾದ ಶ್ರೀ ಪಂಪಾಪತಿಯವರೇ, ತಾವು ಈ ಪ್ರಯೋಗಕ್ಕೆ ಸಹಕರಿಸಬೇಕಾಗಿ ವಿನಂತಿ" ಎಂದೆ. ದೊಡ್ಡಪ್ಪ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ.

"ಯಾರ ಜೊತಿ ಮಾತಾಡಾಕತ್ತೀಯವಾ ಪಾರ್ವತಿ?"

ಮೇಡಂ ನಕ್ಕರು. ನಂತರ ಬದುವಿನ ಮೇಲೆ ಕುಳಿತು ಸರಳವಾಗಿ ವಿವರಿಸಿದರು. ಅಕ್ಕಪಕ್ಕದಲ್ಲಿರುವ ಎರಡು ಮಡಿಗಳು. ಮಡಿ ಎಂದರೆ ಸುತ್ತ ಬದು ಕಟ್ಟಿದ ಗದ್ದೆಯ ತುಂಡು. ಒಂದರಲ್ಲಿ ಕೂರಿಗೆಯ ಬಿತ್ತನೆ, ಇನ್ನೊಂದರಲ್ಲಿ ಎಂದಿನಂತೆ ನಾಟಿ. ಎರಡನೆಯದು ಹೋಲಿಕೆಗಾಗಿ. "ನೀವು ಪ್ರತಿ ವರ್ಷ ಹೇಗೆ ಮಾಡ್ತೀರೋ ಹಾಗೇ ಮಾಡಿ ಯಜಮಾನ್ರೇ. ಹೆಚ್ಚೂ ಬೇಡ, ಕಡಿಮೆಯೂ ಬೇಡ" ಎಂದರು.

ಎರ್ರಿಸ್ವಾಮಿ ಅಲ್ಲಿಯೇ ನಿಂತಿದ್ದ. "ಮೇಡಂ, ನೀವು ಸಾಕ್ಷಿ. ಯಾವ ಮಡಿ ಗೆಲ್ತೈತಿ, ಮುಂದಿನ ವರ್ಷ ಹೊಲಾ ಪೂರಾ ಹಂಗ ಮಾಡೋದು. ಅಪ್ಪಾ, ಏನಂತಿ?"

"ಆತೇಳು" ಎಂದ ದೊಡ್ಡಪ್ಪ. "ನೀ ಸೋತ್ರ ಮತ್ತ ಪಾಲಿನ ಮಾತು ಎತ್ತಬಾರ್ದು."

ಹೀಗೆ ವಿಶ್ವವಿದ್ಯಾಲಯದ ಪ್ರಯೋಗವು ಒಂದು ಮನೆಯ ಪಂಚಾಯ್ತಿಯೂ ಆಯಿತು. ಅಂಕಿಸಂಖ್ಯೆಯ ತರಗತಿಯಲ್ಲಿ ಇದಕ್ಕೆ ಯಾವ ಸೂತ್ರವನ್ನೂ ನಮಗೆ ಕಲಿಸಿರಲಿಲ್ಲ.

ಬಿತ್ತನೆಗೆ ಕುರುಗೋಡಿನಿಂದ ಒಬ್ಬರು ಟ್ರ್ಯಾಕ್ಟರ್ ಕೂರಿಗೆ ತಂದರು. ಎರಡೂ ಮಡಿಗಳ ಮುಂದೆ ಹಲಗೆ ನೆಟ್ಟೆವು. ಒಂದರ ಮೇಲೆ "ಕೂರಿಗೆ ಬಿತ್ತನೆ ಪದ್ಧತಿ" ಮತ್ತು ವಿಶ್ವವಿದ್ಯಾಲಯದ ಹೆಸರು. ಇನ್ನೊಂದರ ಮೇಲೆ, ಇಂಥ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಬರೆಯುವಂತೆ, "ರೈತರ ಪದ್ಧತಿ" ಮತ್ತು ದೊಡ್ಡಪ್ಪನ ಹೆಸರು. ಪಕ್ಕದ ಹೊಲದ ಖಾಜಾಸಾಬ ಬಂದು ಎರಡನ್ನೂ ಜೋರಾಗಿ ಓದಿದ. ನಮ್ಮ ದೊಡ್ಡಪ್ಪನ ಓರಗೆಯವನು, ತಲೆಯಲ್ಲಿ ಕೂದಲು ಕಡಿಮೆ, ಬಾಯಲ್ಲಿ ಮಾತು ಹೆಚ್ಚು.

"ಪಂಪಣ್ಣಾ, ನಿನ್ನ ಹೆಸರು ಬರದಾರ, ಖುಷಿಪಡು. ಆದ್ರ ಮ್ಯಾಲ ಏನು ಬರದಾರ ನೋಡ್ದಿ? ರೈತರ ಪದ್ಧತಿ. ಅಂದ್ರ ನನ್ನ ಪದ್ಧತೀನೂ ಬಂತು, ನಮ್ಮಪ್ಪನ ಪದ್ಧತೀನೂ ಬಂತು. ನೀ ಸೋತ್ರ ನೀ ಒಬ್ಬನ ಸೋಲಂಗಿಲ್ಲಪಾ, ಊರಿನ ಇಜ್ಜತ್ ಹೊಕ್ಕೈತಿ."

ಖಾಜಾಸಾಬ ನಗಲೆಂದು ಹೇಳಿದ್ದ. ದೊಡ್ಡಪ್ಪ ನಗಲಿಲ್ಲ.

ಆ ವರ್ಷ ನಾನು ಆಗಾಗ ಹೊಲಕ್ಕೆ ಹೋಗಿ ಪೈರಿನ ಎತ್ತರ ಅಳೆದು, ಬುಡದಿಂದ ಒಡೆದ ತೆಂಡೆಗಳನ್ನು, ಅಂದರೆ ಕವಲುಗಳನ್ನು, ಎಣಿಸಿ ಬರುತ್ತಿದ್ದೆ. ಹೋಗುವ ಮುನ್ನ ದೂರವಾಣಿ ಮಾಡಿ ತಿಳಿಸುತ್ತಿದ್ದೆ, ಅದು ಶಿಷ್ಟಾಚಾರ. ಹೋದಾಗ ದೊಡ್ಡಮ್ಮ ಮಜ್ಜಿಗೆ ಹಿಡಿದು ನಿಂತಿರುತ್ತಿದ್ದಳು. ಕಾಲುವೆಯ ನೀರು ಆ ವರ್ಷವೂ ತಡವಾಗಿಯೇ ಬಂತು. ಆದರೂ ನಾಟಿಯ ಮಡಿ ದಿನದಿಂದ ದಿನಕ್ಕೆ ಕಡುಹಸಿರಾಗಿ ಏಳುತ್ತಿತ್ತು. ಕೂರಿಗೆಯ ಮಡಿಯಲ್ಲಿ ಸಾಲುಗಳ ನಡುವೆ ಕಳೆ ಏಳುತ್ತಿತ್ತು. ಗೊಬ್ಬರ ಎಷ್ಟು ಹಾಕಿದಿರಿ ಎಂದು ಕೇಳಿದರೆ, ದೊಡ್ಡಪ್ಪ ಎಲ್ಲರೂ ಹಾಕುವಷ್ಟನ್ನೇ ಹೇಳುತ್ತಿದ್ದ. ನಾನು ಬರೆದುಕೊಂಡು ಮರಳುತ್ತಿದ್ದೆ. ಎರ್ರಿಸ್ವಾಮಿ ಬದುವಿನ ಆಚೆ ನಿಂತು ಆಕಾಶ ನೋಡುತ್ತಿದ್ದ. ಅವನ ಮುಖ ಸಪ್ಪಗಿರುವುದಕ್ಕೆ ಅವನ ಮಡಿ ಸೋಲುತ್ತಿರುವುದೇ ಕಾರಣವೆಂದು ನಾನು ತಿಳಿದೆ.

ಕಟಾವಿಗೆ ಮೊದಲು ಕ್ಷೇತ್ರೋತ್ಸವ ನಡೆಯಿತು. ಉತ್ಸವವೆಂಬ ಮಾತಿಗೆ ತಕ್ಕಂತೆ ಶಾಮಿಯಾನ, ಬಾಡಿಗೆ ಕುರ್ಚಿ, ಮೈಕು, ಉಪ್ಪಿಟ್ಟು ಎಲ್ಲವೂ ಇದ್ದವು. ಸುತ್ತಲಿನ ಊರುಗಳಿಂದ ಕಾಲುವೆಯ ಕೊನೆಯ ರೈತರು ಬಂದಿದ್ದರು. ಅವರು ಬಂದದ್ದು ಉಪ್ಪಿಟ್ಟಿಗಲ್ಲ. ಮುಂದಿನ ಮುಂಗಾರಿನಲ್ಲಿ ಬಿತ್ತಬೇಕೋ, ಕಾಯಬೇಕೋ ಎಂಬುದನ್ನು ಕಣ್ಣಿನಿಂದ ನೋಡಿ ನಿರ್ಧರಿಸಲು ಬಂದಿದ್ದರು. ಎಲ್ಲರೂ ಎರಡು ಮಡಿಗಳನ್ನು ನೋಡಿದರು. ನಾಟಿಯ ಮಡಿ ತೆನೆ ತೂಗಿ ಬಾಗಿ ನಿಂತಿತ್ತು. ಕೂರಿಗೆಯ ಮಡಿ ಬೆಳೆದಿತ್ತು, ಆದರೆ ಕಳೆಯ ನಡುವೆ ಬಡವಾಗಿ ಕಾಣುತ್ತಿತ್ತು. ಯಾರೋ, "ಯುನಿವರ್ಸಿಟಿ ಸೋತಂಗಾತು" ಎಂದರು. ದೊಡ್ಡಪ್ಪ ಹೆಗಲ ಮೇಲಿನ ಟವೆಲನ್ನು ಸರಿಪಡಿಸಿಕೊಂಡ. ಎರ್ರಿಸ್ವಾಮಿ ಶಾಮಿಯಾನದ ಕಂಬ ಹಿಡಿದು ನಿಂತಿದ್ದ.

ಮೇಡಂ ಎರಡೂ ಮಡಿಗಳಿಗೆ ಇಳಿದು ಬುಡ ನೋಡಿದರು. ನಾಟಿಯ ಮಡಿಯಲ್ಲಿ ಒಂದು ಹುಲ್ಲೆಸಳೂ ಇರಲಿಲ್ಲ. ಮೇಲೆ ಬಂದು, ಮೈಕಿನಲ್ಲಲ್ಲ, ಪಕ್ಕದಲ್ಲಿದ್ದ ದೊಡ್ಡಮ್ಮನನ್ನು ಕೇಳಿದರು: "ಅಮ್ಮಾ, ಇಷ್ಟು ಚೊಕ್ಕಟವಾಗಿ ಇಟ್ಟಿದ್ದೀರಲ್ಲ, ಎಲ್ಲ ಹೊಲಾನೂ ಹೀಗೇ ಇಡ್ತೀರಾ?"

ತನ್ನನ್ನು ಯಾರಾದರೂ ಕೇಳಲಿ ಎಂದು ದೊಡ್ಡಮ್ಮ ಬಹಳ ದಿನದಿಂದ ಕಾದಿದ್ದಳೆಂದು ತೋರುತ್ತದೆ.

"ಎಲ್ಲಾ ಹೊಲಾ ಹಿಂಗ ಇಟ್ರ ನಾ ಬದುಕತೀನೇನ್ರೀ ಮೇಡಂ? ಈ ಒಂದು ಮಡಿಗೆ ಮನಿ ಮಂದೆಲ್ಲಾ ಹಗಲಿಡೀ ಬಗ್ಗೇವಿ. ನೀರು ಬರ್ಲಿಲ್ಲ ಅಂತ ಹಳ್ಳಕ್ಕ ಇಂಜಿನ್ ಇಟ್ಟು ಸಸಿ ಮಾಡ್ಯಾರ. ನಾಟಿ ಹಚ್ಚಾಕ ನನ್ನ ತವರುಮನಿ ಬಾದನಹಟ್ಟಿಯಿಂದ ಮಂದಿ ಕರಸೀನಿ. ತಿಪ್ಪಿ ಗೊಬ್ಬರ ತಲಿ ಮ್ಯಾಲ ಹೊತ್ತು ಹಾಕೀನಿ. ಕಸಾ ತಗದು ತಗದು ನನ್ನ ನಡಾ ನೋಡ್ರಿ, ಹಿಂಗ ಬಗ್ಗೇತಿ. ನಮ್ಮ ಹೆಸರಿನ ಮಡಿ ಐತಲ್ರೀ, ಬಿಡಾಕ ಬರ್ತೈತೇನು?"

"ಆ ಕಡೆ ಮಡಿಗೆ ಕಳೆ ತೆಗೀಲಿಲ್ವಾ?"

"ಅಯ್ಯ, ಅದು ನಿಮ್ದೈತಲ್ರೀ! ಮಂದಿ ಸಾಮಾನು ಮುಟ್ಟಬಾರ್ದು ಅಂತ ನಾವು ಅದರಾಗ ಕಾಲೂ ಇಟ್ಟಿಲ್ಲ. ಎಮ್ಮಿ ಹೊಕ್ಕಿದ್ರ ಹೊಡದ್ವಿ, ಅಷ್ಟ."

ಮೈಕು ಹತ್ತಿರದಲ್ಲಿಯೇ ಇತ್ತು. ಅದು ಬಂದ್ ಆಗಿರಲಿಲ್ಲ. ಶಾಮಿಯಾನದ ತುಂಬ ನಗು ಎದ್ದಿತು. ಖಾಜಾಸಾಬ ಕುರ್ಚಿಯಿಂದಲೇ ಕೂಗಿದ: "ಪಂಪಣ್ಣಾ, ಹಿಂಗ ಮಾಡಿದ್ರ ಕಲ್ಲಬಂಡಿ ಮ್ಯಾಲೂ ನೆಲ್ಲು ಬೆಳಿತೈತಲ್ಲೋ!" ದೊಡ್ಡಪ್ಪನ ಕಿವಿ ಕೆಂಪಾಯಿತು. ನಾನು ನೆಲ ನೋಡುತ್ತಿದ್ದೆ. ಒಂದು ಹಂಗಾಮು ಪೂರ್ತಿ ನಾನು ಅಳೆದ ಎತ್ತರಗಳು, ಎಣಿಸಿದ ತೆಂಡೆಗಳು ಎಲ್ಲವೂ ಆ ನಗುವಿನಲ್ಲಿ ಹರಿದುಹೋಗುತ್ತಿದ್ದವು.

ನಿನಗೆ ಗೊತ್ತಿತ್ತೇ ಎಂದು ನಾನು ಎರ್ರಿಸ್ವಾಮಿಯನ್ನು ಮೆಲ್ಲಗೆ ಕೇಳಿದೆ.

"ಗೊತ್ತಿರದ ಏನಕ್ಕಾ? ಇಂಜಿನ್ ಹೊತ್ತಾವ ನಾನ. ಗೊಬ್ಬರದ ಪುಟ್ಟಿ ತುಂಬಿದಾವ ನಾನ."

"ಮತ್ತೆ ನನಗೆ ಹೇಳಬಾರದಿತ್ತೇ?"

"ಅಪ್ಪನ ಮ್ಯಾಲ ಆಫೀಸರಿಗೆ ಚಾಡಿ ಹೇಳ್ಲೇನು?" ಎಂದ ಅವನು. ತನ್ನ ಮಡಿಯನ್ನು ಸೋಲಿಸಲು ತಾನೇ ದುಡಿದವನ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಇಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಮೇಡಂ ಮಾಡಿದ ಕೆಲಸ. ಅವರು ದೊಡ್ಡಪ್ಪನನ್ನು ಬೈಯಬಹುದಿತ್ತು; ಅಥವಾ ನೋಡಿ, ಯಾರೂ ಕಾಲಿಡದ ಮಡಿಯೂ ಇಷ್ಟು ಬೆಳೆದಿದೆ, ಆದ್ದರಿಂದ ನಮ್ಮ ಪದ್ಧತಿಯೇ ಶ್ರೇಷ್ಠ ಎಂದು ಮೈಕಿನಲ್ಲಿ ಸಾರಬಹುದಿತ್ತು. ಜನ ಚಪ್ಪಾಳೆಯನ್ನೂ ತಟ್ಟುತ್ತಿದ್ದರು. ಅವರು ಮೈಕು ಹಿಡಿದು ಹೇಳಿದ್ದು ಇಷ್ಟು: "ಈ ವರ್ಷ ಯಾವ ಮಡಿಯೂ ಗೆದ್ದಿಲ್ಲ, ಸೋತಿಲ್ಲ. ಒಂದಕ್ಕೆ ಊಟ ಹೆಚ್ಚಾಯ್ತು, ಇನ್ನೊಂದು ಉಪವಾಸ ಬಿತ್ತು. ಇದನ್ನು ನಂಬಿ ನೀವು ಬಿತ್ತಬೇಡಿ, ಬಿಡಲೂ ಬೇಡಿ. ನಮಗಿನ್ನೂ ಗೊತ್ತಾಗಿಲ್ಲ. ಇನ್ನೊಂದು ವರ್ಷ ಸಮಯ ಕೊಡಿ."

ಅಷ್ಟು ದೂರದಿಂದ ಬಂದ ರೈತರಿಗೆ ನಿರಾಸೆಯಾಯಿತು. ಶಾಮಿಯಾನ ಹಾಕಿಸಿ "ಗೊತ್ತಾಗಿಲ್ಲ" ಎಂದು ಹೇಳುವುದುಂಟೇ ಎಂದು ನನಗೂ ಅನ್ನಿಸಿತು. ಪದವಿ ಪಡೆದ ಮೇಲೆ ನಾನು ಅತ್ಯಂತ ಹೆದರುತ್ತಿದ್ದುದು ಆ ಒಂದು ಮಾತಿಗೆ. ಓದಿದವರು ಗೊತ್ತಿಲ್ಲ ಎನ್ನಬಾರದೆಂದು ನನ್ನ ಊರೂ ನಂಬಿತ್ತು, ನಾನೂ ನಂಬಿದ್ದೆ. ಅಂದು ಹಿಂದಿನ ಸಾಲಿನಲ್ಲಿದ್ದ ರೂಪನಗುಡಿಯ ಕಡೆಯ ಒಬ್ಬ ರೈತ ಎದ್ದು, "ಪರವಾಗಿಲ್ರೀ ಮೇಡಂ. ಗೊತ್ತಾದ್ಮ್ಯಾಲ ಕರೀರಿ, ಬರ್ತೀವಿ" ಎಂದ. ಹಾಗೆ ಹೇಳುವಾಗ ಅವನ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ.

ದೊಡ್ಡಪ್ಪ ಮಾತ್ರ ಗೆದ್ದೆನೆಂದೇ ವಾದಿಸಿದ. ಮೇಡಂ ಅವನ ಮನೆಯ ಕಟ್ಟೆಯ ಮೇಲೆ ಕುಳಿತು, "ಯಜಮಾನ್ರೇ, ಆ ಮಡಿಗೆ ದುಡಿದ ಹಾಗೆ ಹೊಲಕ್ಕೆಲ್ಲ ದುಡಿಯೋಕೆ ಆಗುತ್ತಾ?" ಎಂದು ಕೇಳಿದರು. ಅವನು ಉತ್ತರಿಸುವ ಮುನ್ನವೇ ಒಳಗಿನಿಂದ ದೊಡ್ಡಮ್ಮ, "ಆತೈತಿ ಅನ್ನು, ನಾನು ಬಾದನಹಟ್ಟಿ ಬಸ್ ಹತ್ತತೀನಿ" ಎಂದಳು. ಆಮೇಲೆ ವಾದ ಮುಂದುವರಿಯಲಿಲ್ಲ. ಎರ್ರಿಸ್ವಾಮಿಯ ಪಾಲಿನ ಮಾತು, ಕಾಲುವೆಯ ಕಾವಲು ಎರಡೂ ಇನ್ನೊಂದು ವರ್ಷಕ್ಕೆ ಮುಂದಕ್ಕೆ ಹೋದವು.

ದೊಡ್ಡಪ್ಪ ತನ್ನ ಹಿರಿಯರ ಪದ್ಧತಿ ಎಂದು ಎದೆಗವಚಿಕೊಂಡಿದ್ದುದರ ಬಗ್ಗೆ ಒಂದು ಮಾತು. ನಮ್ಮ ತಾತನ ಎಳೆತನದಲ್ಲಿ ಈ ಹೊಲಕ್ಕೆ ಕಾಲುವೆಯೇ ಇರಲಿಲ್ಲ. ಜೋಳ, ನವಣೆ, ಹತ್ತಿ ಬಿತ್ತುತ್ತಿದ್ದರಂತೆ, ಅದೂ ಕೂರಿಗೆಯಿಂದಲೇ. ಅಣೆಕಟ್ಟು ಕಟ್ಟಿದ ಮೇಲೆ ಆಂಧ್ರದ ಕಡೆಯಿಂದ ಬಂದು, ಕ್ಯಾಂಪು ಎಂದು ಕರೆಯುವ ಹೊಸ ಊರುಗಳಲ್ಲಿ ನೆಲೆಸಿದವರನ್ನು ನೋಡಿ ನಮ್ಮವರು ಕೆಸರಿಗೆ ಇಳಿದರು. ನಾಟಿಯ ಕೆಲಸದ ಎಷ್ಟೋ ಮಾತುಗಳು ನಮ್ಮಲ್ಲಿ ಇಂದಿಗೂ ತೆಲುಗಿನವೇ. ಇದನ್ನು ನಾನು ದೊಡ್ಡಪ್ಪನಿಗೆ ಹೇಳಿದಾಗ ಅವನು ಸ್ವಲ್ಪ ಯೋಚಿಸಿ, "ಇರಬೋದು. ಕಲಿಯಾಕ ನಮ್ಮಪ್ಪನೂ ಭಾಳ ಒದ್ದಾಡಿದ್ನಂತ" ಎಂದಷ್ಟೇ ಹೇಳಿದ. ಅದು ಒಪ್ಪಿಗೆಯೋ ಅಲ್ಲವೋ ನನಗೆ ತಿಳಿಯಲಿಲ್ಲ.

ಎರಡನೆಯ ವರ್ಷ ಮೇಡಂ ಒಂದು ಕರಾರು ಹಾಕಿದರು. ಎರಡೂ ಮಡಿಗಳು ಮನೆಯವರದೇ. ಇಡೀ ಹೊಲ ಹೀಗಿದ್ದರೆ ಎಷ್ಟು ಕೆಲಸ ಮಾಡುತ್ತಿದ್ದಿರೋ ಅಷ್ಟನ್ನೇ ಪ್ರತಿಯೊಂದಕ್ಕೂ ಮಾಡಬೇಕು. ಹಲಗೆಗಳನ್ನು ನೆಡಲಿಲ್ಲ. ಬರೀ ಎರಡು ಗೂಟ, ಕೂರಿಗೆಯದಕ್ಕೆ ಕೆಂಪು ಬಣ್ಣ, ನಾಟಿಯದಕ್ಕೆ ಬಿಳಿ. ನಾನು ಹೇಳದೆ ಕೇಳದೆ ಹೋಗಿ ನೋಡತೊಡಗಿದೆ. ಮಜ್ಜಿಗೆ ತಪ್ಪಿತು, ಅಂಕಿಗಳು ಸರಿಯಾದವು.

ದೊಡ್ಡಪ್ಪನದು ಒಂದು ಸ್ವಭಾವ. ಮಾತು ಕೊಟ್ಟ ಮೇಲೆ ಅದನ್ನು ಅತಿಯಾಗಿ ಪಾಲಿಸುತ್ತಾನೆ. ಕೆಂಪು ಗೂಟದ ಮಡಿಯಲ್ಲಿ ದೊಡ್ಡಮ್ಮ ಸ್ವಲ್ಪ ಹೆಚ್ಚು ಹೊತ್ತು ಕಳೆ ತೆಗೆದರೆ, "ಏಳಾ, ಸಾಕು. ಈಗ ಆ ಮಡಿಗೆ ನಡಿ" ಎಂದು ಎಬ್ಬಿಸುತ್ತಿದ್ದನಂತೆ. "ಇಬ್ರು ಸೊಸೆಯರ ಮನಿಯಾಗ ಅತ್ತಿ ಇದ್ದಂಗ ಇದ್ದ" ಎಂದು ದೊಡ್ಡಮ್ಮ ನನಗೆ ದೂರಿದಳು.

ಮುಂಗಾರು ಬಿದ್ದ ಮೇಲೆ ಕೂರಿಗೆಯ ಮಡಿ ಮೊಳೆಯಿತು. ಆರಂಭದಲ್ಲಿ ಆ ಬೆಳೆ ನೋಡಲು ಚೆನ್ನಾಗಿರುವುದಿಲ್ಲ. ನೆಲವೇ ಹೆಚ್ಚು ಕಾಣುತ್ತದೆ. ಖಾಜಾಸಾಬ ಬದುವಿನ ಮೇಲೆ ನಿಂತು, "ಎರ್ರೀ, ನಿನ್ನ ಮಡಿ ನನ್ನ ತಲಿಯಂಗ ಐತಲ್ಲಲೇ" ಎಂದ. ಎರ್ರಿಸ್ವಾಮಿ ತಿರುಗಿ ಉತ್ತರಿಸಿದ: "ಚಾಚಾ, ಇದರಾಗ ಮುಂದ ಬೆಳಿತೈತಿ."

ಬೆಳೆಯಿತು. ತೆಂಡೆ ಒಡೆಯಿತು, ಸಾಲುಗಳು ಕೂಡಿಕೊಂಡವು. ಅತ್ತ ಬಿಳಿ ಗೂಟದ ನಾಟಿಯ ಮಡಿ, ಊರಿನ ಉಳಿದ ಹೊಲಗಳಂತೆ, ಕಾಲುವೆಯ ನೀರಿಗೆ ಕಾಯುತ್ತಿತ್ತು. ಹಳ್ಳದ ಇಂಜಿನ್ ಈ ಸಲ ಕೊಟ್ಟಿಗೆಯಲ್ಲಿಯೇ ಇತ್ತು. ನೀರು ಬಂದು, ಬಲಿತ ಸಸಿ ನಾಟಿಯಾದಾಗ ಕೂರಿಗೆಯ ಮಡಿ ಮೊಣಕಾಲು ದಾಟಿತ್ತು. ನೀರು ಕಾಯಲು ಎರ್ರಿಸ್ವಾಮಿ ಆ ವರ್ಷವೂ ತೂಬಿಗೆ ಹೋಗಬೇಕಾಯಿತು, ಏಕೆಂದರೆ ಪ್ರಯೋಗದ ಒಂದು ಮಡಿ ಬಿಟ್ಟರೆ ಹೊಲವೆಲ್ಲ ನಾಟಿಯದೇ. ಒಮ್ಮೆ ಅವನಿಗೆ ಬುತ್ತಿ ಕೊಟ್ಟು ಬರಲು ನಾನೂ ಹೋಗಿದ್ದೆ. ತೂಬಿನ ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದವನು ಅರ್ಧಕ್ಕೆ ಎದ್ದು ಹೋದ. ಮೇಲೆ ಯಾರೋ ನೀರು ತಿರುಗಿಸಿದ ಸದ್ದು ಕೇಳಿತಂತೆ.

ಕೊಯ್ಲಿನ ದಿನ ಎರಡೂ ಮಡಿಗಳ ಭತ್ತವನ್ನು ಬೇರೆ ಬೇರೆ ರಾಶಿ ಮಾಡಿ ತೂಗಿದೆವು. ಕೂರಿಗೆಯ ರಾಶಿ ತೂಕದಲ್ಲಿ ಮುಂದಿತ್ತು. ಬಹಳ ಅಲ್ಲ, ಆದರೆ ಅದಕ್ಕೆ ಹಿಡಿದ ಕೆಲಸ ಬಹಳ ಕಡಿಮೆ. ಊರಿನವರಿಗೆ ತೋರಿಸಲು ಮೇಡಂ ಎರಡು ರಾಶಿಗಳನ್ನೂ ಹಾಗೆಯೇ ಇರಿಸಿದರು. ರೂಪನಗುಡಿಯ ರೈತನಿಗೆ ದೂರವಾಣಿ ಮಾಡಿ ಕರೆಯುವ ಕೆಲಸ ನನಗೆ ವಹಿಸಿದರು. ದೊಡ್ಡಪ್ಪ ತೂಕದ ಬಳಿ ನಿಂತು ಎಲ್ಲವನ್ನೂ ನೋಡಿದ. ಬೇಸಗೆಯಿಡೀ ಅವನು ಗೆಲುವು ಸೋಲಿನ ಮಾತೆತ್ತಲಿಲ್ಲ, ಎರ್ರಿಸ್ವಾಮಿಯೂ ಕೇಳಲಿಲ್ಲ. ಒಂದೇ ಮನೆಯಲ್ಲಿ ಉಣ್ಣುವ ಇಬ್ಬರು ಗಂಡಸರು ಒಂದು ವಿಷಯವನ್ನು ಎಷ್ಟು ತಿಂಗಳು ಮಾತಾಡದೆ ಇರಬಹುದು ಎಂಬುದು ಕೂಡ ಸಂಶೋಧನೆಗೆ ಯೋಗ್ಯವಾದ ವಿಷಯವೇ. ದೊಡ್ಡಮ್ಮ ಮಾತ್ರ ನನಗೆ ದೂರವಾಣಿ ಮಾಡಿ, "ನಿಮ್ಮ ದೊಡ್ಡಪ್ಪ ದಿನಾ ಹೊಲಕ್ಕ ಹೋಗಿ ಬರೇ ನೆಲಾ ನೋಡಿ ಬರ್ತಾನ. ಏನೈತವಾ ಅಲ್ಲಿ?" ಎಂದು ವಿಚಾರಿಸುತ್ತಿದ್ದಳು.

ವಿಶ್ವವಿದ್ಯಾಲಯದ ನಿಯಮವೆಂದರೆ ಒಂದು ಪದ್ಧತಿಯನ್ನು ರೈತರಿಗೆ ಶಿಫಾರಸು ಮಾಡಲು ಇನ್ನೂ ಕೆಲವು ಹಂಗಾಮುಗಳ ಅಂಕಿ ಬೇಕು. ಕೆಟ್ಟುಹೋದ ಮೊದಲ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಮೂರನೆಯ ಮುಂಗಾರಿನ ಹೊತ್ತಿಗೆ ಮೇಡಂ ಹೇಳಿದಂತೆ ನಾನು ದೊಡ್ಡಪ್ಪನಿಗೆ ದೂರವಾಣಿ ಮಾಡಿ, ಮತ್ತೆ ಎರಡು ಮಡಿ ಬೇಕೆಂದು ಕೋರಿದೆ.

"ಕೂರಿಗಿ ಮಡಿ ಎಷ್ಟ ಬೇಕಾದ್ರೂ ತಗೊ" ಎಂದ ದೊಡ್ಡಪ್ಪ. "ನಾಟಿ ಮಡಿ ಇಲ್ಲ."

"ಏಕೆ ದೊಡ್ಡಪ್ಪ?"

"ಹೊಲಾ ಪೂರಾ ಕೂರಿಗಿ ಹಾಕಾಕ ಟ್ರ್ಯಾಕ್ಟರಿನಾವಗ ಹೇಳೀನಿ. ನಾಳೆ ಬರ್ತಾನ."

ಮೇಡಂಗೆ ತಿಳಿಸಿದಾಗ ಅವರು ಒಂದು ಗಳಿಗೆ ನಕ್ಕು, ಮರುಗಳಿಗೆಯಲ್ಲಿ ಗಾಬರಿಯಾದರು. ಹೋಲಿಕೆಗೆ ನಾಟಿಯ ಮಡಿಯೇ ಇಲ್ಲವೆಂದರೆ ಪ್ರಯೋಗವೇ ಇಲ್ಲ. ರೈತ ಒಪ್ಪಿಕೊಂಡುಬಿಟ್ಟ, ವಿಜ್ಞಾನ ಇನ್ನೂ ಒಪ್ಪಿಕೊಂಡಿರಲಿಲ್ಲ. ಮೇಡಂ ತಾವೇ ದೊಡ್ಡಪ್ಪನೊಡನೆ ಮಾತನಾಡಿದರು. "ಯಜಮಾನ್ರೇ, ದಯವಿಟ್ಟು ಒಂದೇ ಒಂದು ಮಡಿ ಹಳೇ ಥರ ನಾಟಿ ಮಾಡಿಕೊಡಿ."

ದೊಡ್ಡಪ್ಪ ಸಾಕಷ್ಟು ಸತಾಯಿಸಿದ. ಸಸಿ ಮಾಡಬೇಕು, ಕೆಸರು ಮಾಡಬೇಕು, ಅಷ್ಟಕ್ಕಾಗಿ ಆಳು ಯಾರು ಬರುತ್ತಾರೆ ಎಂದ. ಕೊನೆಗೆ, "ಆತ್ರೀ, ನಿಮ್ಮ ಸಲುವಾಗಿ ಮಾಡತೀನಿ. ನೀವು ಓದೋ ಮಂದಿ, ನಿಮಗ ತೊಂದ್ರಿ ಆಗಬಾರ್ದು" ಎಂದ.

ಆ ವರ್ಷ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ದಿನ ನಾನು ಊರಿನಲ್ಲಿದ್ದೆ. ಭಾನುವಾರದ ಮಧ್ಯಾಹ್ನ. ದೊಡ್ಡಪ್ಪ, ಎರ್ರಿಸ್ವಾಮಿ, ನಾನು ಊಟಕ್ಕೆ ಕುಳಿತಿದ್ದೆವು. ಹೊರಗಿನಿಂದ ಖಾಜಾಸಾಬ ಕೂಗಿದ: "ಪಂಪಣ್ಣಾ, ನಮ್ಮ ತೂಬಿಗೆ ನೀರು ಬಂದಾವು!"

ರೂಢಿಯಂತೆ ದೊಡ್ಡಮ್ಮ ಎರ್ರಿಸ್ವಾಮಿಯ ಮುಖ ನೋಡಿದಳು. ಅವನ ಕೈಯೂ ರೂಢಿಯಂತೆ ತಟ್ಟೆಯ ಅಂಚಿನಲ್ಲಿ ನಿಂತಿತು. ಹೊರಗೆ ಹೊಲವೆಲ್ಲ ಕೂರಿಗೆಯ ಸಾಲುಗಳಲ್ಲಿ ಆಗಲೇ ಹಸಿರಾಗಿತ್ತು. ನೀರು ಇಂದು ಬಂದರೂ ಸರಿ, ಇನ್ನೂ ಕೆಲವು ದಿನ ಬಿಟ್ಟು ಬಂದರೂ ಸರಿ.

ದೊಡ್ಡಪ್ಪ ಕೈ ತೊಳೆದು ಎದ್ದ. ಟವೆಲನ್ನು ತಲೆಗೆ ಸುತ್ತಿಕೊಂಡು ಮೂಲೆಯಲ್ಲಿದ್ದ ಸಲಿಕೆಯನ್ನು ಹೆಗಲಿಗೇರಿಸಿದ.

"ನೀನೆತ್ತಾಗ ಹೊಂಟಿ?" ಎಂದಳು ದೊಡ್ಡಮ್ಮ.

"ಯುನಿವರ್ಸಿಟಿ ಮಡಿಗೆ ಕೆಸರು ಮಾಡಬೇಕಲ್ಲ. ಮ್ಯಾಲಿನವ್ರು ತಿರುವಿಕೊಂಡ್ರ ಆ ಮೇಡಂಗ ಏನಂತ ಹೇಳ್ಲಿ?"

ಎರ್ರಿಸ್ವಾಮಿ ಏಳಲು ಹೋದ. "ನೀ ಕುಂದ್ರಲೇ, ಉಣ್ಣು" ಎಂದು ದೊಡ್ಡಪ್ಪ ಹೊಸಿಲು ದಾಟಿದ. ಎರ್ರಿಸ್ವಾಮಿ ಕುಳಿತ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.